ಎರೆ ಹೊಲದ ಬಾಜಿ, ಡಾಂಬರಿನ ಬಾಜಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ಶರ್ಯತ್ತು ಕೆಟ್ಟದ್ದು ದುಡ್ಡಿನಿಂದ ಎಂದು ಹಳಬರು ಹೇಳುತ್ತಾರೆ; ಮೊಬೈಲ್ ಬಂದ ಮೇಲೆ ಕೆಟ್ಟಿತು ಎಂದು ಅವರಿಗಿಂತ ಕಿರಿಯರು. ಎರಡೂ ಸುಳ್ಳಲ್ಲ. ಆದರೆ ದುಡ್ಡಿಗೂ ಮೊಬೈಲಿಗೂ ಮೊದಲು ಬದಲಾದದ್ದು ಗಾಡಿ ಓಡುವ ನೆಲ. ಜೋಡೆತ್ತಿನ ಗಾಡಿ, ಜೋಡು ಕುದುರೆಯ ಗಾಡಿ, ಒಂದೇ ನೊಗಕ್ಕೆ ಎತ್ತನ್ನೂ ಕುದುರೆಯನ್ನೂ ಹೂಡಿದ ಗಾಡಿ, ಈ ಮೂರೂ ಹೊಲ ಬಿಟ್ಟು ಡಾಂಬರು ರಸ್ತೆ ಹತ್ತಿದ ಮೇಲೆ ಬಾಜಿಯ ಲೆಕ್ಕವೇ ಬೇರೆಯಾಯಿತು. ಬಾಜಿ ಕಟ್ಟುವವನು ಏನನ್ನು ನೋಡಬೇಕು, ಯಾರ ಮಾತು ಕೇಳಬೇಕು, ಸೋತರೆ ಯಾರಿಗೆ ಎಷ್ಟು ನೋವು ಎಂಬುದನ್ನೆಲ್ಲ ಕಾಲಡಿಯ ನೆಲವೇ ತೀರ್ಮಾನಿಸುತ್ತದೆ ಎಂಬುದು ನನ್ನ ವಾದ.

ಹೊಲದ ಶರ್ಯತ್ತಿನ ಕಾಲವನ್ನು ಕಂಡವರಿಗೆ ಆ ನೆಲ ಒಂದೇ ತರಹದ್ದಾಗಿರಲಿಲ್ಲ ಎಂಬುದು ಗೊತ್ತು. ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಕಿತ್ತ ಮೇಲೆ ಎರೆ ಹೊಲಗಳು ಬೇಸಿಗೆಯಿಡೀ ಬಯಲಾಗಿ ಬಿದ್ದಿರುತ್ತಿದ್ದವು. ಒಂದು ಹೊಲದಲ್ಲಿ ಜೋಳದ ಕೂಳೆ ಕಾಲಿಗೆ ಚುಚ್ಚುವಂತಿದ್ದರೆ, ಇನ್ನೊಂದರಲ್ಲಿ ಬೇಸಿಗೆಯ ಬಿರುಕು ಗೊರಸು ನುಂಗುವಷ್ಟು ಅಗಲ. ಮಸಾರಿಯಲ್ಲಿ ಗಾಲಿ ಹಗುರ, ಮಡ್ಡಿಯಲ್ಲಿ ಹರಳು. ಒಂದು ಅಡ್ಡಮಳೆ ಬಿದ್ದರೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ನಿನ್ನೆ ಗೆಲ್ಲುವಂತಿದ್ದ ಗಾಡಿ ಇವತ್ತು ಹಿಂದೆ ಉಳಿಯುತ್ತಿತ್ತು. ಬಾಜಿ ಕಟ್ಟುವವರು ಹಿಮ್ಮಡಿಯಿಂದ ಹೆಂಟೆ ಒಡೆದು ನೋಡಿಯೇ ಬಾಯಿ ಬಿಡುತ್ತಿದ್ದರು. ಕಾರಹುಣ್ಣಿಮೆಯ ಕರಿ ಹರಿಯುವ ಓಟಕ್ಕೂ ಇದೇ ಮಣ್ಣಿನ ನಂಟು. ಕೆಂದೆತ್ತು ಮುಂದಾದರೆ ಮುಂಗಾರಿ ಚಲೋ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚಲೋ ಎಂಬ ನಂಬಿಕೆಯಲ್ಲಿ ಊರಿಗೆ ಊರೇ ಮಳೆಯ ಮೇಲೆ ಬಾಜಿ ಕಟ್ಟಿದ ಹಾಗೆ. ಅಲ್ಲಿ ದುಡ್ಡು ಇರಲಿಲ್ಲ ಎಂದಲ್ಲ. ಆದರೆ ಬಾಜಿ ನಡೆಯುತ್ತಿದ್ದುದು ಎತ್ತನ್ನೂ ಹೊಲವನ್ನೂ ಒಡೆಯನನ್ನೂ ಬಲ್ಲವರ ನಡುವೆ. ಮರುದಿನ ಅದೇ ಸಂತೆಯಲ್ಲಿ ಮುಖಾಮುಖಿಯಾಗಬೇಕಾದವರ ನಡುವೆ. ತಾನಾಗಿಯೇ ಅದಕ್ಕೊಂದು ಮಿತಿ ಬೀಳುತ್ತಿತ್ತು.

ಆ ಬಯಲು ಹೊಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲಿದೆ. ಘಟಪ್ರಭೆಯ ಕಾಲುವೆ, ಕೃಷ್ಣೆಗೆ ಹಿಪ್ಪರಗಿಯಲ್ಲಿ ಕಟ್ಟಿದ ಬ್ಯಾರೇಜು, ಹೊಳೆಯಿಂದ ಮೈಲುಗಟ್ಟಲೆ ಎಳೆದ ಪೈಪುಗಳು ಬಂದ ಮೇಲೆ ಜೋಳದ ಸೀಮೆ ಕಬ್ಬಿನ ಸೀಮೆಯಾಯಿತು. ಸಮೀರವಾಡಿ, ಮುಧೋಳ, ಸಿದ್ದಾಪುರ, ಬಾಡಗಂಡಿಗಳಲ್ಲಿ ಸಕ್ಕರೆ ಕಾರ್ಖಾನೆಗಳು ನಿಂತವು. ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುವ ಬೆಳೆ. ಕಡಿದರೂ ಕೂಳೆ ಮತ್ತೆ ಚಿಗುರುತ್ತದೆ. ಶಿವರಾತ್ರಿಯಿಂದ ಕಾರಹುಣ್ಣಿಮೆಯ ತನಕ ಖಾಲಿ ಬಿದ್ದಿರುತ್ತಿದ್ದ ಭೂಮಿ ಹೀಗೆ ಪಂಚಾಂಗದಿಂದಲೇ ಅಳಿದುಹೋಯಿತು. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಒಳ್ಳೆಯ ಎರೆ ಆಲಮಟ್ಟಿಯ ಹಿನ್ನೀರಿಗೆ ಸೇರಿತು. ಜಾತ್ರೆ ಮಾತ್ರ ಉಳಿಯಿತು, ಶರ್ಯತ್ತಿನ ಹುಚ್ಚೂ ಉಳಿಯಿತು. ಸುತ್ತಮುತ್ತ ಖಾಲಿಯಾಗಿ, ನೇರವಾಗಿ, ಸಪಾಟಾಗಿ ಇದ್ದ ಒಂದೇ ಪಟ್ಟಿ ಎಂದರೆ ಕಬ್ಬಿನ ಲಾರಿ, ಟ್ರ್ಯಾಕ್ಟರುಗಳಿಗಾಗಿ ಸುಧಾರಿಸಿದ ರಸ್ತೆ. ಗಾಡಿಗಳು ಅದನ್ನು ಹತ್ತಿದ್ದು ಯಾರದೋ ದುರಾಸೆಯಿಂದಲ್ಲ, ಬೇರೆ ಜಾಗ ಇಲ್ಲದ್ದರಿಂದ. ಅದೇ ಹೊತ್ತಿಗೆ ಆಟೋರಿಕ್ಷಾ ಬಂದು ಟಾಂಗಾಗಳು ಮೂಲೆ ಸೇರುತ್ತಿದ್ದವು. ಘೋರ್ಪಡೆ, ಪಟವರ್ಧನ ಸಂಸ್ಥಾನಗಳ ಕಾಲದಿಂದ ಕುದುರೆ ಕಂಡಿದ್ದ ಈ ಸೀಮೆಯಲ್ಲಿ ಕುದುರೆ ಸಾಕುವ ಆಸೆಗೆ ಉಳಿದದ್ದು ಶರ್ಯತ್ತೊಂದೇ.

ಡಾಂಬರಿನ ಗುಣವೆಂದರೆ ಅದು ಎಲ್ಲ ಊರಿನಲ್ಲೂ ಒಂದೇ. ತೇರದಾಳದ ಡಾಂಬರಿಗೂ ಅಥಣಿಯ ಡಾಂಬರಿಗೂ, ಗಡಿ ದಾಟಿದರೆ ಮಿರಜಿನ ಡಾಂಬರಿಗೂ ಓಡುವ ಪ್ರಾಣಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಹೊಲದ ಶರ್ಯತ್ತಿನಲ್ಲಿ ಊರ ಎತ್ತಿಗೆ ಊರ ಮಣ್ಣಿನ ಬಲವಿತ್ತು. ಡಾಂಬರಿನಲ್ಲಿ ಅದು ಇಲ್ಲ. ಆದ್ದರಿಂದ ಎಲ್ಲಿಯದೋ ಕುದುರೆ ಟೆಂಪೋದಲ್ಲಿ ಬಂದು ಇಳಿಯುತ್ತದೆ, ಓಡುತ್ತದೆ, ಹೋಗುತ್ತದೆ. ದೂರದ ಗಾಡಿಗಳನ್ನು ಕರೆಸಲು ಬಹುಮಾನ ದೊಡ್ಡದಾಗಬೇಕು. ಬಹುಮಾನ ದೊಡ್ಡದಾದಂತೆ ಬಾಜಿಯೂ ದೊಡ್ಡದು. ಪ್ರಾಣಿಯ ಹಿಂದೆ ಹಾರ್ನು ಹೊಡೆಯುತ್ತ ಬೈಕುಗಳ ದಂಡು ಓಡುವುದು ಹೊಲದಲ್ಲಿ ಸಾಧ್ಯವೇ ಇರಲಿಲ್ಲ. ಅದನ್ನೂ ರಸ್ತೆಯೇ ತಂದುಕೊಟ್ಟಿತು. ಮಣ್ಣು ಓದಬಲ್ಲವನ ಜಾಗಕ್ಕೆ ಸುದ್ದಿ ಬಲ್ಲವನು ಬಂದ. ಯಾವ ಕುದುರೆ ಕಳೆದ ವಾರ ಎಲ್ಲಿ ಓಡಿತು, ಯಾರು ಯಾರಿಗೆ ಫೋನು ಮಾಡಿದರು ಎಂಬುದು ಗೊತ್ತಿದ್ದರೆ ಸಾಕು, ಗೊರಸು ನೋಡಬೇಕಾಗಿಲ್ಲ.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ ಎಂಬುದಕ್ಕೆ ದೂರದ ಸಾಕ್ಷಿಯಿದೆ. ಇಂಗ್ಲೆಂಡಿನ ಲಿಂಗ್‌ಫೀಲ್ಡ್‌ನಲ್ಲಿ 1989ರ ಅಕ್ಟೋಬರ್ 30ರಂದು ಆ ದೇಶದ ಮೊದಲ ಕೃತಕ ಹಾಸಿನ ರೇಸು ನಡೆಯಿತು. ಚಳಿಗಾಲದ ಹೆಪ್ಪಿಗೆ ಹುಲ್ಲಿನ ಟ್ರ್ಯಾಕುಗಳು ಕಲ್ಲಾಗಿ ರೇಸುಗಳು ರದ್ದಾಗುತ್ತಿದ್ದವು. ರೇಸಿಲ್ಲದ ದಿನ ಬಾಜಿ ಅಂಗಡಿಗಳಿಗೆ ವ್ಯಾಪಾರವಿಲ್ಲ. ಯಾವ ಹವಾಮಾನದಲ್ಲೂ ಓಡಬಹುದಾದ ನೆಲ ಬೇಕಾಗಿದ್ದುದು ಹೀಗೆ ಬಹುಮಟ್ಟಿಗೆ ಬಾಜಿಯ ಸಲುವಾಗಿ. ಆಮೇಲೆ ಮರಳಿಗೆ ಮೇಣ, ನಾರು, ರಬ್ಬರಿನ ಚೂರು ಬೆರೆಸಿದ ಪಾಲಿಟ್ರ್ಯಾಕ್, ಟಪೇಟಾ ಮುಂತಾದವು ಬಂದವು. ಅಮೆರಿಕದಲ್ಲಿ 2005ರಲ್ಲಿ ಟರ್ಫ್‌ವೇ ಪಾರ್ಕ್, 2006ರಲ್ಲಿ ಕೀನ್‌ಲ್ಯಾಂಡ್ ಅವನ್ನು ಹಾಸಿದವು. ಕ್ಯಾಲಿಫೋರ್ನಿಯಾ ತನ್ನ ದೊಡ್ಡ ರೇಸ್‌ಕೋರ್ಸುಗಳಿಗೆ ಕಡ್ಡಾಯವನ್ನೇ ಮಾಡಿತು. ಸದಾ ಒಂದೇ ತರಹದ ನೆಲ, ಆದ್ದರಿಂದ ಬಾಜಿದಾರನಿಗೆ ಸಲೀಸು ಎಂಬ ಲೆಕ್ಕ ಮಾತ್ರ ತಪ್ಪಿತು. ಬಿಸಿಲೇರಿದಂತೆ ಮೇಣ ಮೆತ್ತಗಾಗಿ ಬೆಳಗಿನ ಟ್ರ್ಯಾಕು ಮಧ್ಯಾಹ್ನ ಬೇರೆಯಾಗುತ್ತಿತ್ತು. ಮಣ್ಣಿನ ಮೇಲೆ ಓಡಿದ ಕುದುರೆಯ ಹಳೆಯ ದಾಖಲೆ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. 2008ರಲ್ಲಿ ಸಾಂಟಾ ಅನಿಟಾದ ಕೃತಕ ಹಾಸಿನ ಮೇಲೆ ನಡೆದ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ ಅಮೆರಿಕದ ಮಣ್ಣಿನ ಚಾಂಪಿಯನ್ ಕರ್ಲಿನ್ ನಾಲ್ಕನೆಯದಾಗಿ, ಇಂಗ್ಲೆಂಡಿನಿಂದ ಬಂದ ರೇವನ್ಸ್ ಪಾಸ್ ಗೆದ್ದಿತು. ನೆಲ ಬದಲಾದರೆ ಹೊರಗಿನವನಿಗೆ ಬಾಗಿಲು ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಬಾಜಿದಾರರೂ ಕುದುರೆ ಒಡೆಯರೂ ಗೊಣಗಿದರು. ಸಾಂಟಾ ಅನಿಟಾ 2010ರ ಕೊನೆಗೆ, ಕೀನ್‌ಲ್ಯಾಂಡ್ 2014ರಲ್ಲಿ ಮಣ್ಣಿಗೆ ಮರಳಿದವು. ಆದರೆ ಕುದುರೆ ಸಾವಿನ ಲೆಕ್ಕ ಬೇರೆಯದೇ ಹೇಳುತ್ತದೆ. ಅಮೆರಿಕದ ಜಾಕಿ ಕ್ಲಬ್ ಇಡುತ್ತಿರುವ ಗಾಯಗಳ ದಾಖಲೆಯಲ್ಲಿ, 2009ರಿಂದೀಚೆಗೆ, ಒಟ್ಟು ಲೆಕ್ಕ ಹಾಕಿದರೆ, ಮಣ್ಣಿಗಿಂತಲೂ ಹುಲ್ಲಿಗಿಂತಲೂ ಕೃತಕ ಹಾಸಿನ ಮೇಲೆ ಕುದುರೆ ಸಾಯುವುದು ಕಡಿಮೆ. ಮಣ್ಣಿಗೆ ಮರಳಿದ ಸಾಂಟಾ ಅನಿಟಾದಲ್ಲಿ 2019ರಲ್ಲಿ 30ಕ್ಕೂ ಹೆಚ್ಚು ಕುದುರೆಗಳು ಸತ್ತಾಗ ಕೈಬಿಟ್ಟ ಹಾಸಿನ ಮಾತು ಮತ್ತೆ ಎದ್ದಿತು.

ಈ ಹೋಲಿಕೆಯಲ್ಲಿ ನಮಗೆ ನೋಯಬೇಕಾದ ಜಾಗ ಇದು. ಅವರ ಕೃತಕ ನೆಲ ಬಾಜಿಗಾಗಿ ಹುಟ್ಟಿದರೂ ಕಾಲನ್ನು ಉಳಿಸಿತು. ನಮ್ಮ ಕೃತಕ ನೆಲ ಲಾರಿಗಾಗಿ ಹುಟ್ಟಿದ್ದು. ಕಾಲಿನ ಯೋಚನೆ ಅದರ ಹುಟ್ಟಿನಲ್ಲೇ ಇಲ್ಲ. ಗೊರಸು ಬಡಿದಾಗ ಮಣ್ಣು ತುಸು ಕುಸಿದು, ತುಸು ಜಾರಿ ಹೊಡೆತವನ್ನು ಹಂಚಿಕೊಳ್ಳುತ್ತದೆ. ಡಾಂಬರು ಕುಸಿಯುವುದಿಲ್ಲ, ಹೊಡೆತವೆಲ್ಲ ಗೊರಸು, ಕೀಲು, ಸ್ನಾಯುಗಳಿಗೆ ವಾಪಸು. ಲಾಳ ಹೊಡೆಸದಿದ್ದರೆ ಗೊರಸು ಸವೆಯುತ್ತದೆ, ಹೊಡೆಸಿದರೆ ಕಬ್ಬಿಣ ನುಣುಪು ರಸ್ತೆಯ ಮೇಲೆ ಜಾರುತ್ತದೆ, ತಿರುವಿನಲ್ಲಂತೂ ಹೆಚ್ಚು.

ಇಲ್ಲೊಂದು ಆಕ್ಷೇಪ ಬರುತ್ತದೆ. ಬೆಂಗಳೂರು, ಮೈಸೂರುಗಳ ರೇಸಿನಲ್ಲಿ ಬಾಜಿ ಕಟ್ಟಿದರೆ ಅದು ಜಾಣ್ಮೆ, ನಮ್ಮ ರಸ್ತೆಯಲ್ಲಿ ಕಟ್ಟಿದರೆ ಜೂಜು, ಇದೆಂಥ ನ್ಯಾಯ? ಕುದುರೆ ರೇಸು ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿದ್ದು ನಿಜ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಪರವಾನಗಿ ಪಡೆದ ರೇಸ್‌ಕೋರ್ಸಿನೊಳಗಿನ ಬಾಜಿಗೆ ಮಾತ್ರ ವಿನಾಯಿತಿ ಕೊಟ್ಟದ್ದೂ ನಿಜ. ಈ ಆಕ್ಷೇಪದಲ್ಲಿ ಹುರುಳಿದೆ. ಎರೆ ಹೊಲದ ಬಾಜಿದಾರನಿಗೆ ಇದ್ದ ತಿಳಿವಳಿಕೆ ಬೆಂಗಳೂರಿನ ಯಾವ ಪಂಟರನಿಗೂ ಕಡಿಮೆಯದಲ್ಲ. ಆದರೆ ಕೌಶಲ ಎಂದು ಕೋರ್ಟು ಒಪ್ಪಿದ್ದು ತಳಿ, ತಾಲೀಮು, ಸವಾರ, ಹಿಂದಿನ ಓಟಗಳನ್ನು ತೂಗಿ ನೋಡಲು ಎಲ್ಲರಿಗೂ ದಾರಿ ಇರುವುದರಿಂದ. ರೇಸ್‌ಕೋರ್ಸಿನವರು ಪೆನಟ್ರೋಮೀಟರ್ ಊರಿ ನೆಲ ಎಷ್ಟು ಗಟ್ಟಿ ಎಂದು ಅಳೆದು ಓಟಕ್ಕೆ ಮೊದಲೇ ಸಾರುತ್ತಾರೆ. ನಮ್ಮ ಹಿರಿಯರ ಹಿಮ್ಮಡಿ ಮಾಡುತ್ತಿದ್ದುದೂ ಅದೇ ಕೆಲಸ. ಡಾಂಬರಿಗೆ ಬಂದಾಗ ನಾವು ಆ ಅಳತೆಯನ್ನೂ ಬಿಟ್ಟೆವು, ಅದರ ಬದಲಿಗೆ ಓಟಗಳ ದಾಖಲೆಯನ್ನೂ ಇಡಲಿಲ್ಲ. ಎರಡೂ ಇಲ್ಲದ ಕಡೆ ಕೌಶಲದ ಹೆಸರು ಹೇಳುವುದು ಕಷ್ಟ.

ಇನ್ನೊಂದು ಆಕ್ಷೇಪವನ್ನು ನಾನು ಹೆಚ್ಚು ಗೌರವಿಸುತ್ತೇನೆ. ಹೊಲದ ಶರ್ಯತ್ತು ಹೊಲವಿದ್ದವರ ಆಟವಾಗಿತ್ತು. ರಬಕವಿ, ಬನಹಟ್ಟಿಯ ಮಗ್ಗದವನಿಗೆ, ಕೂಲಿಯವನಿಗೆ ಅಲ್ಲಿ ಪ್ರೇಕ್ಷಕನ ಜಾಗವೇ ಹೊರತು ಬಾಜಿದಾರನ ಜಾಗವಿರಲಿಲ್ಲ. ರಸ್ತೆ ಆ ಬೇಲಿ ಕಿತ್ತುಹಾಕಿತು ಎಂಬ ಮಾತು. ಬೇಲಿ ಬಿದ್ದದ್ದು ನಿಜ. ಆದರೆ ಒಳಗೆ ಬಂದವನ ಕೈಗೆ ಸಿಕ್ಕಿದ್ದು ಏನು? ಭೂಮಿಯ ತಿಳಿವಳಿಕೆಯಿಂದ ಗೆಲ್ಲುತ್ತಿದ್ದವನ ಬದಲಿಗೆ ಈಗ ಒಳಸುದ್ದಿಯಿಂದ ಗೆಲ್ಲುವವನಿದ್ದಾನೆ, ಮಗ್ಗದವನ ಬಟವಾಡೆ ಮೊದಲಿನಂತೆಯೇ ಸೋಲುವ ಕಡೆಗಿದೆ. ಹಳೆಯ ಹೊಲದಲ್ಲೂ ಬಿರುಕಿಗೆ ಸಿಕ್ಕು ಕಾಲು ಮುರಿಯುತ್ತಿತ್ತಲ್ಲ ಎಂಬ ಮೂರನೆಯ ಮಾತಿಗೆ ಉತ್ತರ ಚಿಕ್ಕದು: ಮುರಿಯುತ್ತಿತ್ತು, ಅದಕ್ಕೇ ಬಿರುಕು ಹೆಚ್ಚಿದ್ದ ಹೊಲವನ್ನು ಬಿಡುತ್ತಿದ್ದರು. ಡಾಂಬರನ್ನು ಯಾರೂ ಬಿಡುವುದಿಲ್ಲ, ಅದು ಸದಾ ಸಿದ್ಧ.

ಕಾನೂನು ಈ ನೆಲದ ಕಡೆ ನೋಡಿದ್ದು ಕಡಿಮೆ. ಸುಪ್ರೀಂ ಕೋರ್ಟಿನ 2014ರ ಮೇ 7ರ ತೀರ್ಪು ಎತ್ತಿನ ಓಟಗಳನ್ನು ನಿಲ್ಲಿಸಿತು. 2017ರ ಕರ್ನಾಟಕ ತಿದ್ದುಪಡಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕುದುರೆಯ ಹೆಸರಿಲ್ಲ. ಜೋಡು ಕುದುರೆಯ ಗಾಡಿಯಾಗಲಿ, ಎತ್ತು-ಕುದುರೆ ಜೋಡಿಯಾಗಲಿ ಅದರ ನೆರಳಿಗೆ ಬರುವುದಿಲ್ಲ ಎಂಬುದು ಜಾತ್ರೆಯ ಕರಪತ್ರ ಅಚ್ಚು ಹಾಕಿಸುವವರಿಗೆ ಗೊತ್ತಿದ್ದಂತೆ ಕಾಣುವುದಿಲ್ಲ. ಪ್ರದರ್ಶನದ ಪ್ರಾಣಿಗಳ ಬಗ್ಗೆ 2001ರಲ್ಲಿ ಬಂದ ಕೇಂದ್ರದ ನಿಯಮ ಲಾಳವಿಲ್ಲದ ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಲೂಬಾರದು ಎನ್ನುತ್ತದೆ, ಓಡಿಸುವ ಮಾತು ಹಾಗಿರಲಿ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎಳೆಯುವ ಪ್ರಾಣಿಗಳನ್ನು ದುಡಿಸಬಾರದೆಂದು 1965ರ ನಿಯಮವಿದೆ. ಅದನ್ನು ಮುಧೋಳದ ಏಪ್ರಿಲ್ಲಿಗೆ ಯಾರು ಓದಿ ಹೇಳಬೇಕೋ!

ಶರ್ಯತ್ತನ್ನೇ ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. ಟ್ರ್ಯಾಕ್ಟರು ಬಂದ ಊರಿನಲ್ಲಿ ಖಿಲಾರಿ ಹೋರಿಗೆ ಬೆಲೆ ಉಳಿದಿರುವುದರಲ್ಲಿ ಈ ಆಟದ ಪಾಲಿದೆ. ಬಾಜಿಯನ್ನು ಪೊಲೀಸರಿಂದ ಪೂರ್ತಿ ಅಳಿಸಬಹುದೆಂಬ ನಂಬಿಕೆಯೂ ನನಗಿಲ್ಲ. ನೆಲವನ್ನಾದರೂ ಬದಲಿಸಬಹುದು. ಇಂಗ್ಲೆಂಡಿನ ಮೇಣದ ಮರಳು ನಮಗೆ ಬೇಕಾಗಿಲ್ಲ. ಒಂದು ಕಿಲೋಮೀಟರು ಉದ್ದ, 10 ಮೀಟರು ಅಗಲದ ಪಟ್ಟಿ ಎಂದರೆ ಒಂದು ಹೆಕ್ಟೇರು, ಸುಮಾರು ಎರಡೂವರೆ ಎಕರೆ. ಮಸಾರಿಯಾದರೆ ಒಳ್ಳೆಯದು, ಗಾಯರಾಣವಾದರೂ ಸರಿ. ಹರಳು ಆರಿಸಿ, ಒಮ್ಮೆ ನೀರು ಹೊಡೆದು, ಪ್ರತಿ ಸುತ್ತಿನ ನಡುವೆ ಕುಂಟೆ ಹೊಡೆದರೆ ಮಣ್ಣು ಮತ್ತೆ ಸಡಿಲ. ಅಮೆರಿಕದ ರೇಸ್‌ಕೋರ್ಸುಗಳಲ್ಲೂ ಎರಡು ಓಟಗಳ ನಡುವೆ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಹರಗುವುದೇ ರೂಢಿ. ಅಷ್ಟು ಚಿಕ್ಕ ಪಟ್ಟಿಗೆ ದೂರದ ಗಾಡಿಗಳು ಬರಲಾರವು, ಜನ ಸೇರಲಾರರು ಎನ್ನುವವರಿದ್ದಾರೆ. ಗಾಡಿಗಳು ಕಡಿಮೆಯಾದರೆ ಬಾಜಿಯೂ ಚಿಕ್ಕದಾಗುತ್ತದೆ. ಅದು ನಷ್ಟವೆಂದು ನನಗೆ ಅನಿಸುವುದಿಲ್ಲ. ಬಹುಮಾನಕ್ಕೆ ಬೈಕು ಕೊಡುವ ದಾನಿ ಸಿಗುವ ಊರಿನಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಎರಡೂವರೆ ಎಕರೆಯನ್ನು ಕಬ್ಬಿನಿಂದ ಬಿಡಿಸಿಕೊಡುವ ದಾನಿ ಸಿಗಲಾರ ಎಂಬುದನ್ನು ಮಾತ್ರ ನಾನು ನಂಬಲೊಲ್ಲೆ.