ಮೂರು ಕಾಲಮ್ಮಿನ ಪುಸ್ತಕ

ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರುವ ಮೊದಲು ಒಂಬತ್ತು ತಿಂಗಳು ಬೆಂಗಳೂರಿನ ಹೊರವಲಯದ ಒಂದು ವಸತಿ ಕೇಂದ್ರದಲ್ಲಿ ಆರೈಕೆಯ ತರಬೇತಿ ಪಡೆದೆ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರು ಅಲ್ಲಿದ್ದರು. ಏನು ಕೆಲಸ ಎಂದು ಊರಿನಲ್ಲಿ ಕೇಳಿದರೆ ಹೇಳಲು ಸರಿಯಾದ ಪದವೇ ಸಿಗುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೆಲಸಕ್ಕೆ ಸೈಕಿಯಾಟ್ರಿಕ್ ಟೆಕ್ನಿಷಿಯನ್ ಎಂಬ ಹೆಸರಿದೆ, ಪರೀಕ್ಷೆ ಮತ್ತು ಪರವಾನಗಿಯೂ ಇವೆ. ನಮ್ಮಲ್ಲಿ ಇದು ನರ್ಸ್ ಕೆಲಸವಲ್ಲ, ಟೀಚರ್ ಕೆಲಸವಲ್ಲ, ಆಯಾ ಕೆಲಸ ಅಂದರೂ ಪೂರ್ತಿಯಾಗುವುದಿಲ್ಲ. ‘ಹುಚ್ಚಾಸ್ಪತ್ರೆಯಾ?’ ಎಂದು ಅತ್ತೆ ಕೇಳಿದ್ದರು. ಅಲ್ಲ ಅತ್ತೆ, ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆಯಿಂದ ಕಡಿಮೆಯಾಗಬಹುದು. ಇದು ಹುಟ್ಟಿನಿಂದ ಅಥವಾ ಎಳವೆಯಿಂದ ಜೊತೆಗೇ ಬೆಳೆಯುವಂಥದ್ದು, ಮಾತ್ರೆಯಿಂದ ಹೋಗುವುದಿಲ್ಲ ಎಂದು ವಿವರಿಸಿದ್ದೆ.

ಹಲ್ಲುಜ್ಜುವಂಥ ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಕಲಿಸುವುದು, ಮೊದಲು ಕೈಮೇಲೆ ಕೈಯಿಟ್ಟು ಮಾಡಿಸಿ ದಿನದಿಂದ ದಿನಕ್ಕೆ ಹಿಡಿತ ಸಡಿಲಿಸುವುದು, ಇವು ನಮ್ಮ ಪಾಠಗಳು. ಎಲ್ಲಕ್ಕಿಂತ ಕಷ್ಟದ ಪಾಠ ಬರವಣಿಗೆಯದ್ದು. ವಾರ್ಡಿನ ಹಳೆಯ ದಿನಚರಿ ಪುಸ್ತಕದಲ್ಲಿ ‘ಗಲಾಟೆ ಮಾಡಿದ’, ‘ಹಠ ಮಾಡಿದ’ ಎಂಬ ಸಾಲುಗಳೇ ತುಂಬಿದ್ದವು. ತರಬೇತಿ ಕೊಡುತ್ತಿದ್ದ ಅಕ್ಕ ಹೊಸ ಪುಸ್ತಕ ತರಿಸಿ ಪ್ರತಿ ಪುಟಕ್ಕೂ ಎರಡು ಗೆರೆ ಎಳೆಸಿದರು. ಮುಂಚೆ ಏನಾಯಿತು, ಅವರು ಏನು ಮಾಡಿದರು, ಆಮೇಲೆ ಏನಾಯಿತು. ಎ.ಬಿ.ಸಿ. ಚಾರ್ಟ್ ಎಂದು ಇದಕ್ಕೆ ಹೆಸರು. “ಹಠ ಅನ್ನೋದು ನಿಮ್ಮ ಅಭಿಪ್ರಾಯ. ಕಣ್ಣಿಗೆ ಏನು ಕಾಣಿಸ್ತೋ ಅದನ್ನ ಬರೀರಿ” ಎಂದರು.

ನನ್ನ ಪಾಲಿಗೆ ಬಂದವರಿಗೆ ಮೂವತ್ತನಾಲ್ಕು ವರ್ಷ. ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರಿಗೆ ಮಾತಿಲ್ಲ. ಬಲ ಕೆನ್ನೆಗೆ ತಾವೇ ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದರು. ಕೋಪಿಷ್ಠ ಎಂಬ ಹೆಸರು ಬಂದಿತ್ತು. ಹನ್ನೊಂದು ದಿನ ಬರೆದ ಮೇಲೆ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಮೊದಲ ಕಾಲಮ್ಮಿನಲ್ಲಿ ಮತ್ತೆ ಮತ್ತೆ ಚಪಾತಿ ಬರುತ್ತಿತ್ತು. ಇಡ್ಲಿ, ಮೊಸರನ್ನದ ಹೊತ್ತಿನಲ್ಲಿ ಗುದ್ದು ಇರಲಿಲ್ಲ. ದಂತವೈದ್ಯರಿಗೆ ತೋರಿಸಿದಾಗ ಬಲಗಡೆಯ ಒಂದು ದವಡೆ ಹಲ್ಲು ಒಳಗಿಂದ ಹುಳುಕಾಗಿತ್ತು. ಕೋಪವೆಂದು ಎಲ್ಲರೂ ಕರೆದದ್ದು ನೋವಾಗಿತ್ತು.

ಹಲ್ಲು ಕೀಳಿಸಿದ ಮೇಲೆ ಗುದ್ದುವುದು ಬಹಳ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಉಳಿದದ್ದಕ್ಕೆ ಕಾರಣ ತಿಳಿದಿದ್ದವರು ಅವರ ತಾಯಿ. ತಿಂಗಳಿಗೊಂದು ಭಾನುವಾರ ತುಮಕೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. “ಕುಕ್ಕರ್ ಕೂಗೋಕೆ ಮುಂಚೆ ಇವ್ನನ್ನ ಹಿತ್ಲಿಗೆ ಕಳಿಸ್‌ಬಿಡ್ತಿದ್ದೆ. ಆ ಸದ್ದು ಆಗಲ್ಲ ಇವ್ನಿಗೆ” ಎಂದರು. ಮಂಚದ ಮೇಲೆ ಮಗನ ಪಕ್ಕ ಕೂತು ಇನ್ನೂ ಏನೇನೋ ಹೇಳಿ, ಕೊನೆಗೆ ಕೇಳಿದರು: “ನಾನ್ ಹೋದ್‌ಮೇಲೆ ಇದೆಲ್ಲಾ ಯಾರಿಗ್ ಗೊತ್ತಿರ್ತದಪ್ಪ?”

ಈ ಪ್ರಶ್ನೆ ಅವರೊಬ್ಬರದ್ದಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಉದ್ದೇಶಗಳಲ್ಲಿ ಹೆತ್ತವರು ತೀರಿಕೊಂಡ ಮೇಲಿನ ಆರೈಕೆಯೂ ಒಂದು. ಅದರ ಪ್ರಕಾರ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಇವೆಲ್ಲ ಬೇಕು. ಆದರೆ ಆಸ್ತಿಗೆ, ಸಹಿಗೆ, ಆಸ್ಪತ್ರೆಯ ಒಪ್ಪಿಗೆಗೆ ಒಬ್ಬರನ್ನು ನೇಮಿಸಿದ ಹಾಗೆ ಕುಕ್ಕರಿನ ಸಂಗತಿ ತಿಳಿದಿರುವವರನ್ನು ಆದೇಶ ಹೊರಡಿಸಿ ನೇಮಿಸಲಾಗುವುದಿಲ್ಲ. ಒಬ್ಬ ಹೆಂಗಸು ಮೂವತ್ತನಾಲ್ಕು ವರ್ಷ ನೋಡಿ ನೋಡಿ ಕಲಿತ ಭಾಷೆ ಅದು. ಅದನ್ನು ಬಲ್ಲವರು ಲೋಕದಲ್ಲಿ ಅವರೊಬ್ಬರೇ.

ಹಾಗಾಗಿ ಮುಂದಿನ ನಾಲ್ಕು ಭೇಟಿಗಳಲ್ಲಿ ಅವರು ಹೇಳಿದರು, ನಾನು ಬರೆದೆ. ಬಲಗೈ ಬೆರಳು ಮಡಚಿದರೆ ನೀರು. ಅಂಗಿ ಕಳಚಿದರೆ ಸೆಕೆಯಲ್ಲ, ಒಳಗಿನ ಚೀಟಿ ಚುಚ್ಚುತ್ತಿದೆ. ತಲೆಗೆ ನೀರು ಹಾಕುವ ಮುಂಚೆ ಅಂಗೈಗೆ ಹಾಕಿ ತೋರಿಸಬೇಕು. ಈಗ ಜನಪದ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಬಾಯಲ್ಲಿದ್ದದ್ದು ಕಾಗದಕ್ಕೆ ಇಳಿಯುವಾಗ ಏನು ಉಳಿಯುತ್ತದೆ ಎಂಬ ಚರ್ಚೆ ಬಂದಾಗಲೆಲ್ಲ ಆ ಹನ್ನೆರಡು ಪುಟಗಳು ನೆನಪಾಗುತ್ತವೆ.

ಕೊನೆಯ ದಿನ ಅವರು ಎಲ್ಲವನ್ನೂ ಓದಿಸಿ ಕೇಳಿದರು. ಸೇರಿಸಿಕೊಂಡಾಗಿನ ಹಳೆಯ ಫೈಲನ್ನೂ ಓದು ಎಂದರು. ಅದರಲ್ಲಿ ‘ರಾತ್ರಿ ಅಳುತ್ತಾನೆ’ ಎಂದಿತ್ತು. ತಡೆದರು. “ಅದು ಅಳೋದಲ್ಲ ಕಣಪ್ಪ. ಕರೆಯೋದು.”

ಕಂಡದ್ದನ್ನಷ್ಟೇ ಬರೆಯಬೇಕು ಎಂಬುದು ನಿಯಮ. ಅಕ್ಕನನ್ನು ಕೇಳಿದೆ. ಸ್ವಲ್ಪ ಯೋಚಿಸಿ, ಎರಡನ್ನೂ ಬರೆಯಲು ಹೇಳಿದರು. ಬರೆದೆ: ‘ರಾತ್ರಿ ಊಂ ಎಂದು ಎರಡು ಸಲ ಉದ್ದವಾಗಿ ದನಿ ಮಾಡುತ್ತಾರೆ. ಇದು ಕರೆ ಎಂದು ತಾಯಿ ಹೇಳುತ್ತಾರೆ. ರಾತ್ರಿ ಪಾಳಿಯವರು ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು.’