ಪುಗಾ ಕಣಿವೆಯ ಹಬೆ

ಒಲೆಗೆ ಇನ್ನೆರಡು ಕೊತ್ತಳಿಗೆ ತಳ್ಳಿ, ಹೇಳುತ್ತೇನೆ. ಪುಗಾದಲ್ಲಿ ಬಾವಿ ಸಿಡಿದ ಕಥೆಯನ್ನು ತುಂಡು ತುಂಡಾಗಿ ನೀವೆಲ್ಲ ಕೇಳಿದ್ದೀರಿ. ಪೂರ್ತಿ ಯಾರಿಗೂ ಹೇಳಿಲ್ಲ.

1970ರ ದಶಕದ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಲಡಾಖಿನಲ್ಲಿ ನೆಲದೊಳಗಿನ ಶಾಖವನ್ನು ಹುಡುಕಿಕೊಂಡು ಕೊರೆಯುತ್ತಿದ್ದ ಕಾಲ. ನಾನು ರಿಗ್ಗಿನ ಕೆಲಸಕ್ಕೆ ಸೇರಿದ್ದ ಹುಡುಗ. ರಾಡು ಜೋಡಿಸು, ರಾಡು ಬಿಚ್ಚು, ಪಂಪು ನೋಡಿಕೋ, ಇಷ್ಟೇ ಕೆಲಸ. ಲೇಹದಿಂದ ಸಿಂಧೂ ನದಿಯ ದಡ ಹಿಡಿದು ಮೇಲಕ್ಕೆ ಹೋದರೆ ಚುಮಾಥಾಂಗ್ ಸಿಗುತ್ತದೆ. ಮುಂದೆ ಮಾಹೆಯಲ್ಲಿ ನದಿ ದಾಟಿ ಒಳಕ್ಕೆ ತಿರುಗಿದರೆ ಪುಗಾ. ಸುಮಾರು 4,400 ಮೀಟರ್ ಎತ್ತರ. ಮೊದಲ ವಾರ ಒಂದು ರಾಡು ಎತ್ತಿಟ್ಟರೆ ಕೂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು.

ಕಣಿವೆಯ ನೆಲವೆಲ್ಲ ಬಿಳಿ. ಹಿಮ ಅಂದುಕೊಂಡೆ, ಅದು ಬಿಳಿಗಾರ. ಕಾಲಿಟ್ಟಲ್ಲಿ ಪುಡಿಪುಡಿ ಸದ್ದು, ಅಲ್ಲಲ್ಲಿ ಗಂಧಕದ ಹಳದಿ ಗೆರೆ, ಮೂಗಿಗೆ ಅದರದೇ ವಾಸನೆ. ನಡುವೆ ಪುಗಾ ತೊರೆ ತಣ್ಣಗೆ ಹರಿಯುತ್ತದೆ, ಅದರ ದಂಡೆಯಲ್ಲೇ ನೀರು ಕುದಿಯುತ್ತದೆ. ಬೆಳಗಿನ ಜಾವ ಇಡೀ ಕಣಿವೆಯಿಂದ ಹಬೆ ಏಳುತ್ತಿತ್ತು.

ಕುದಿಯುತ್ತದೆ ಅಂದೆ, ಆದರೆ ಆ ಎತ್ತರದಲ್ಲಿ ನೀರು 85 ಡಿಗ್ರಿಗೇ ಕುದಿಯುತ್ತದೆ. ಡಬ್ಬದಲ್ಲಿ ಅಕ್ಕಿ ಹಾಕಿ ಬುಗ್ಗೆಯಲ್ಲಿ ಇಳಿಬಿಟ್ಟರೆ ಬಹಳ ಹೊತ್ತಿನ ಮೇಲೆ ಅನ್ನವಾಗುತ್ತಿತ್ತು. ಬೇಳೆ ಮಾತ್ರ ಏನು ಮಾಡಿದರೂ ಬೇಯುತ್ತಿರಲಿಲ್ಲ. ನಮ್ಮ ಜೊತೆಗಿದ್ದ ಭೂವಿಜ್ಞಾನಿ ಸಾಹೇಬರು ಒಂದು ದಿನ ನನ್ನ ಊರು ಕೇಳಿದರು. ಪುತ್ತೂರು ಕಡೆ ಅಂದೆ. "ಹಾಗಾದರೆ ಇರ್ದೆಯ ಬೆಂದ್ರುತೀರ್ಥ ನೋಡಿರಬೇಕಲ್ಲ?" ಅಂದರು. ನನಗೆ ಆಶ್ಚರ್ಯ. ಸೀರೆಹೊಳೆಯ ದಡದ ಆ ಉಗುರುಬೆಚ್ಚಗಿನ ನೀರಿನಲ್ಲಿ ಚಿಕ್ಕವನಿದ್ದಾಗ ಮಿಂದವನು ನಾನು. ದೇಶದ ಬಿಸಿನೀರಿನ ಬುಗ್ಗೆಗಳ ಪಟ್ಟಿ ಅವರಿಗೆ ಬಾಯಿಪಾಠವಾಗಿತ್ತು. ನಮ್ಮದು ಸ್ನಾನಕ್ಕೆ ಸಾಕು, ಇಲ್ಲಿಯದು ಊರು ನಡೆಸಬಲ್ಲದು ಅಂತ ಅವರ ಮಾತು.

ಬಾವಿ ಸಿಡಿದ ದಿನ ಮಧ್ಯಾಹ್ನದಿಂದಲೇ ಅದರ ಲಕ್ಷಣ ಬೇರೆಯಾಗಿತ್ತು. ಕೊರೆಯುವಾಗ ಒಳಕ್ಕೆ ತಣ್ಣೀರು ಬಿಡುತ್ತೇವೆ, ಅದು ಕಲ್ಲಿನ ಪುಡಿ ಹೊತ್ತು ಮೇಲೆ ಬರುತ್ತದೆ. ಹಾಗೆ ಬಂದ ನೀರಿಗೆ ಥರ್ಮಾಮೀಟರ್ ಹಿಡಿದು ಬರೆದಿಡುವುದು ನನ್ನ ಪಾಲಿನ ಕೆಲಸ. ಪ್ರತಿ ಸಲವೂ ಪಾದರಸ ಹಿಂದಿನದಕ್ಕಿಂತ ಮೇಲೆ ನಿಲ್ಲುತ್ತಿತ್ತು. ಆಮೇಲೆ ನೀರಿನ ಬಣ್ಣ ತಿರುಗಿತು, ಸಣ್ಣ ಗುಳ್ಳೆ ಕಾಣಿಸಿತು. ರಿಗ್ಗಿನ ಹಲಗೆಯ ಮೇಲೆ ನಿಂತವರಿಗೆ ಅಂಗಾಲಿನಲ್ಲಿ ನಡುಕ ಗೊತ್ತಾಗುತ್ತಿತ್ತು. ಡ್ರಿಲ್ಲರ್ ಸರ್ದಾರ್‌ಜಿ ಪೈಪಿಗೆ ಕಿವಿ ಕೊಟ್ಟರು, ಮರುಕ್ಷಣ "ಹಟೋ! ಹಟೋ!" ಅಂತ ಕೂಗಿ ಎಲ್ಲರನ್ನೂ ತಳ್ಳಿಕೊಂಡೇ ಇಳಿದರು.

ಮೊದಲು ಬಂದದ್ದು ಕೆಸರು. ಆಮೇಲೆ ನೀರು, ನೀರಿನ ಹಿಂದೆಯೇ ಹಬೆ. ಗೋಪುರದ ತಲೆ ದಾಟಿ ಮೇಲೆ ಹೋಯಿತು. ಪಕ್ಕದಲ್ಲಿ ನಿಂತವನು ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳದಷ್ಟು ಮೊರೆತ. ಗಾಳಿಗೆ ಹಾರಿದ ಹನಿ ಮೊದಲು ಬಿಸಿಯಾಗಿ ತಾಗುತ್ತಿತ್ತು, ಅರೆಗಳಿಗೆಯಲ್ಲಿ ಕೋಟಿನ ತೋಳಿನ ಮೇಲೇ ಹೆಪ್ಪುಗಟ್ಟುತ್ತಿತ್ತು. ಸೂರ್ಯ ಗುಡ್ಡದಾಚೆ ಇಳಿದಿದ್ದ, ಹಬೆಯ ತುದಿಗೆ ಮಾತ್ರ ಇನ್ನೂ ಬಿಸಿಲು. ಆಡು ಹೊಡೆದುಕೊಂಡು ಬರುತ್ತಿದ್ದ ಚಾಂಗ್‌ಪಾ ಜನ ದೂರದಲ್ಲಿ ನಿಂತುಬಿಟ್ಟರು. ಆಡುಗಳು ಬೆದರಿ ದಿಕ್ಕಾಪಾಲಾಗಿದ್ದವು, ಅವನ್ನು ಒಟ್ಟು ಮಾಡಲು ನಮ್ಮವರೇ ಇಬ್ಬರು ಓಡಿದರು.

ಸಾಹೇಬರು ಅವತ್ತು ರಾತ್ರಿ ಡೇರೆಯಲ್ಲಿ ವಿವರಿಸಿದ್ದು ಇನ್ನೂ ನೆನಪಿದೆ. ಕೆಳಗೆ ನೀರು 140 ಡಿಗ್ರಿಯವರೆಗೂ ಕಾದಿರುತ್ತದೆ. ಮೇಲಿನ ನೀರಿನ ಭಾರ ಅದನ್ನು ಅದುಮಿ ಹಿಡಿದಿರುವುದರಿಂದ ಕುದಿಯುವುದಿಲ್ಲ. ನಾವು ತೂತು ಕೊರೆದದ್ದು, ಒಲೆಯ ಮೇಲಿದ್ದ ಕುಕ್ಕರಿನ ವೆಯಿಟ್ ಎತ್ತಿದ ಹಾಗೆ. ಮೇಲೇರುತ್ತ ಒತ್ತಡ ಕಳೆದುಕೊಂಡ ನೀರು ಒಮ್ಮೆಲೇ ಹಬೆಯಾಗುತ್ತದೆ. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ಪಿಯೆರೊ ಜಿನೋರಿ ಕಾಂಟಿ ಅನ್ನುವ ರಾಜಕುಮಾರ ಇಂಥದ್ದೇ ಹಬೆಯಿಂದ ಐದು ಬಲ್ಬು ಉರಿಸಿದ ಸಂಗತಿ ನಾನು ಮೊದಲು ಕೇಳಿದ್ದೂ ಅಲ್ಲೇ. ನಮ್ಮ ಡೇರೆಯಲ್ಲಿ ಉರಿಯುತ್ತಿದ್ದುದು ಸೀಮೆಎಣ್ಣೆಯ ಲಾಟೀನು.

ಪುಗಾದಲ್ಲಿ ಒಟ್ಟು 34 ಬಾವಿ ಕೊರೆದರು. ಎಲ್ಲಕ್ಕಿಂತ ಆಳದ್ದು 385 ಮೀಟರಿನ ಹತ್ತಿರ, ಅಷ್ಟೇ. ಒಂದು ತೊಂದರೆ ಶುರುವಿನಿಂದಲೂ ಇತ್ತು. ಹಬೆ ಉಗುಳಿದ ಬಾವಿಯ ಪೈಪು ಬಿಚ್ಚಿದರೆ ಒಳಗೆ ಬಿಳೀ ಕಲ್ಲು ಸುತ್ತಲೂ ಕಟ್ಟಿರುತ್ತಿತ್ತು. ಮುಷ್ಟಿ ಹೋಗುವ ಕಡೆ ಹೆಬ್ಬೆರಳು ಹೋಗದು. ಉಳಿ ಸುತ್ತಿಗೆ ಹಿಡಿದು ಅದನ್ನು ಕೆತ್ತುವಾಗ ಕೈ ಮರಗಟ್ಟುತ್ತಿತ್ತು. ಭೂಶಾಖ ಪುಕ್ಕಟೆ ಅನ್ನುವವರಿಗೆ ನಾನು ಮೊದಲು ಹೇಳುವುದೇ ಈ ಕಲ್ಲಿನ ವಿಚಾರ. ಶಾಖ ಪುಕ್ಕಟೆ ಇರಬಹುದು, ಬಾವಿಯ ಬಾಯಿ ಕಟ್ಟದಂತೆ ನೋಡಿಕೊಳ್ಳುವುದು ದಿನನಿತ್ಯದ ದುಡಿಮೆ.

ಆ ಬಿಸಿನೀರನ್ನು ಒಂದು ಸಣ್ಣ ಗುಡಿಸಲಿನ ಗೋಡೆಗುಂಟ ಪೈಪಿನಲ್ಲಿ ಹರಿಸಿ ನೋಡಿದ ಪ್ರಯೋಗವೂ ನಡೆಯಿತು. ಹೊರಗೆ ನೀರು ಗಡ್ಡೆ ಕಟ್ಟುವ ಚಳಿ, ಒಳಗೆ ಸುಮಾರು 20 ಡಿಗ್ರಿ. ಒಬ್ಬಾಕೆ ಮುದುಕಿ ಬಂದಳು. ನಾವು ಅಬಿಲೇ ಅನ್ನುತ್ತಿದ್ದೆವು, ಅಜ್ಜಿಗೆ ಅಲ್ಲಿ ಹಾಗೇ ಅನ್ನುವುದು. ಜುಲೇ ಹೇಳಿ ಒಳಗೆ ಬಂದವಳು ಪೈಪಿನ ಮೇಲೆ ಅಂಗೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಒಲೆ ಎಲ್ಲಿ ಅಂತ ಮೂಲೆಮೂಲೆ ನೋಡಿದಳು. ಸಗಣಿ ಉರಿಸುವ ಹೊಗೆಗೆ ಅವಳ ಕಣ್ಣು ಯಾವಾಗಲೂ ಕೆಂಪು. ಹೊಗೆಯಿಲ್ಲದ ಬೆಚ್ಚಗಿನ ಕೋಣೆಯಲ್ಲಿ ಅವಳು ಅದೇ ಮೊದಲು ಕೂತದ್ದಿರಬೇಕು. ಎಷ್ಟು ಹೇಳಿದರೂ ಎದ್ದು ಹೋಗಲೇ ಇಲ್ಲ, ಸಂಜೆ ಮೊಮ್ಮಗನೇ ಬಂದು ಕರೆದೊಯ್ದ.

ಆಮೇಲೆ? ಆಮೇಲೆ ನನ್ನನ್ನು ಬೇರೆ ಕಡೆಗೆ ಹಾಕಿದರು, ಪುಗಾದ ಬಾವಿಗಳು ಹಾಗೇ ಉಳಿದವು. ಹಿಮಾಚಲದ ಮಣಿಕರಣದಲ್ಲಿ ನಮ್ಮ ಬೆಂಗಳೂರಿನ ಎನ್‌ಎಎಲ್‌ನವರು ಬಿಸಿನೀರಿನಿಂದ ಐದು ಕಿಲೋವಾಟಿನ ಪುಟ್ಟ ಸ್ಥಾವರ ನಡೆಸಿ ತೋರಿಸಿದರು. ನೀರು ಅಷ್ಟು ಬಿಸಿ ಇಲ್ಲದಿದ್ದರೂ ಪರವಾಗಿಲ್ಲ, ಬೇಗ ಕುದಿಯುವ ಬೇರೆ ದ್ರವಕ್ಕೆ ಶಾಖ ದಾಟಿಸಿದರೆ ಅದರ ಆವಿಯೇ ಟರ್ಬೈನು ತಿರುಗಿಸುತ್ತದೆ. ಪುಗಾಕ್ಕೆ ಹೇಳಿ ಮಾಡಿಸಿದ ವಿಧಾನ. ಪ್ರಯೋಗ ಪ್ರಯೋಗವಾಗಿಯೇ ಮುಗಿಯಿತು.

ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಕೆನ್ಯಾದ ಸುದ್ದಿ ಓದಿದಾಗ. ನಾವು ಪುಗಾದಲ್ಲಿ ಕೊರೆಯುತ್ತಿದ್ದ ಕಾಲಕ್ಕೇ ಅವರೂ ಒಲ್ಕಾರಿಯಾದಲ್ಲಿ ಕೊರೆಯುತ್ತಿದ್ದರು. 1981ರಲ್ಲಿ 15 ಮೆಗಾವಾಟಿನ ಮೊದಲ ಯಂತ್ರ ತಿರುಗಿತು. ಇವತ್ತು ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕೆ ಹತ್ತಿರದಷ್ಟು ನೆಲದ ಶಾಖದಿಂದಲೇ ಬರುತ್ತದೆ. ಅವರ ಬಾವಿಯ ಶಾಖ ನಮ್ಮದಕ್ಕಿಂತ ಬಹಳ ಹೆಚ್ಚು, ನಿಜ. ಆದರೆ ಅವರು ಕೈಬಿಡಲಿಲ್ಲ. ಲೇಹದಲ್ಲಿ ನಾವು ಡೀಸೆಲ್ ಸುಡುತ್ತ ಕೂತೆವು. ಶ್ರೀನಗರದಿಂದ ದೊಡ್ಡ ವಿದ್ಯುತ್ ತಂತಿ ಲೇಹ ತಲುಪಿದ್ದೇ 2019ರಲ್ಲಿ. ಚಳಿಗಾಲದಲ್ಲಿ ನದಿ ಸೊರಗಿ ಜಲವಿದ್ಯುತ್ತು ಇಳಿಯುತ್ತದೆ, ಸೂರ್ಯನಂತೂ ಸಂಜೆಗೇ ಹೋಗುತ್ತಾನೆ. ಚಳಿ ಅತಿ ಹೆಚ್ಚಿರುವ ನಡುರಾತ್ರಿಯಲ್ಲೂ ಒಂದೇ ಸಮ ಸಿಗುವುದು ಪುಗಾದ ಕೆಳಗಿರುವ ಬಿಸಿಯೊಂದೇ.

2021ರ ಫೆಬ್ರವರಿಯಲ್ಲಿ ಒಎನ್‌ಜಿಸಿ, ಲಡಾಖ್ ಆಡಳಿತ, ಲೇಹದ ಪರ್ವತ ಮಂಡಳಿ ಸೇರಿ ಒಪ್ಪಂದ ಮಾಡಿಕೊಂಡವು. ಮೊದಲ ಹಂತಕ್ಕೆ 500 ಮೀಟರಿನ ಬಾವಿ, ಒಂದು ಮೆಗಾವಾಟ್. ಪೇಪರು ಕೈಯಲ್ಲಿ ಹಿಡಿದು ಮನೆಯವರನ್ನೆಲ್ಲ ಕೂಗಿ ಓದಿ ಹೇಳಿದ್ದೆ, ನಿಮಗೆ ನೆನಪಿರಬಹುದು. ಮರುವರ್ಷ ಆಗಸ್ಟಿನಲ್ಲಿ ಕೊರೆಯುವಾಗ ಒಳಗಿನ ದ್ರವ ಉಕ್ಕಿ ಪುಗಾ ತೊರೆಗೆ ಸೇರಿದ ಸುದ್ದಿ ಬಂತು. ಆ ತೊರೆಯ ದಂಡೆಯ ಹುಲ್ಲು ಮೇಯುವ ಆಡುಗಳೇ ಚಾಂಗ್‌ಪಾ ಜನರ ಬದುಕು, ಪಶ್ಮಿನಾ ಬರುವುದು ಅವುಗಳ ಮೈಯಿಂದ. ಬೋರಾನ್ ತುಂಬಿದ ನೀರನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ. ಶಾಖ ತೆಗೆದುಕೊಂಡು ನೀರನ್ನು ಇನ್ನೊಂದು ಬಾವಿಯಿಂದ ನೆಲದೊಳಕ್ಕೇ ಇಳಿಸಬೇಕು. ಹಾಗೆ ಮಾಡಿದರೆ ಬಾವಿಯೂ ಬತ್ತುವುದಿಲ್ಲ, ತೊರೆಯೂ ಕೆಡುವುದಿಲ್ಲ. ಆ ಎರಡನೇ ಬಾವಿಯ ಖರ್ಚನ್ನು ಲೆಕ್ಕದಲ್ಲಿ ಸೇರಿಸದ ಯೋಜನೆಯನ್ನು ನಾನಂತೂ ಒಪ್ಪುವುದಿಲ್ಲ.

ಒಂದು ಮೆಗಾವಾಟ್ ಬರಲಿ, ಮುಂದೆ ನೂರೂ ಬರಲಿ. ಆದರೆ ತಂತಿ ಎಳೆದು ವಿದ್ಯುತ್ತನ್ನು ದೂರಕ್ಕೆ ಕಳಿಸುವ ಮೊದಲು ಬಿಸಿಯನ್ನು ಬಿಸಿಯಾಗಿಯೇ ಆ ಕಣಿವೆಗೆ ಕೊಡಬೇಕು. ಅದಕ್ಕೆ ಟರ್ಬೈನೂ ಬೇಡ, ಆ ಗುಡಿಸಲಿನ ಪೈಪಿನಂಥದ್ದು ಸಾಕು. ಹಸಿರುಮನೆಯಲ್ಲಿ ಚಳಿಗಾಲದಲ್ಲೂ ಸೊಪ್ಪು ಬೆಳೆಯಬಹುದು, ಆಡುಮರಿಗಳಿಗೆ ಬೆಚ್ಚನೆಯ ದೊಡ್ಡಿ ಕಟ್ಟಬಹುದು. ಪುಗಾದಲ್ಲಿ ಈಗ ಅಲೆಮಾರಿ ಮಕ್ಕಳಿಗೆ ವಸತಿಶಾಲೆ ಇದೆ. ಅಪ್ಪ ಅಮ್ಮ ಆಡುಗಳ ಹಿಂದೆ ಹೋದಾಗ ಮಕ್ಕಳು ಅಲ್ಲೇ ಇದ್ದು ಓದುತ್ತಾರೆ. ನನ್ನನ್ನು ಕೇಳುವವರಿದ್ದರೆ, ಮೊದಲ ಪೈಪು ಆ ಮಕ್ಕಳು ಮಲಗುವ ಕೋಣೆಗೆ ಹೋಗಲಿ ಅಂತ ಹೇಳುತ್ತೇನೆ.