ಅಕಿಹಬಾರ: ಹಳೇ ಟಿ.ವಿ.ಗೆ ಹೊಸ ಗಿರಾಕಿ

ಟೋಕಿಯೊ ನಗರದ ಅಕಿಹಬಾರ ರೈಲುನಿಲ್ದಾಣದಿಂದ ಹೊರಬಂದರೆ ಕಣ್ಣು ಕೋರೈಸುವ ಅಂಗಡಿ ಸಾಲು. ಎರಡನೇ ಮಹಾಯುದ್ಧದ ಬಳಿಕ ಇಲ್ಲಿ ರೇಡಿಯೋ ಬಿಡಿಭಾಗಗಳ ಪುಟ್ಟ ಮಳಿಗೆಗಳು ಹುಟ್ಟಿಕೊಂಡವು. ಅಂದಿನಿಂದ ಇದು ವಿದ್ಯುತ್ ಉಪಕರಣಗಳ ಪೇಟೆ. ಈಗ ಹಳೆಯ ವಿಡಿಯೋ ಆಟಗಳನ್ನು ಅರಸಿ ದೇಶವಿದೇಶಗಳ ಜನ ಇಲ್ಲಿಗೆ ಬರುತ್ತಾರೆ. ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಯಂತ್ರವೂ ಸಿಗುತ್ತದೆ. ಆದರೆ ಅದನ್ನು ಕೊಂಡವರಿಗೆ ಇನ್ನೊಂದು ವಸ್ತುವೂ ಬೇಕು: ದಪ್ಪ ಬೆನ್ನಿನ ಹಳೇ ಟಿ.ವಿ.!

ತೆಳ್ಳನೆಯ ಹೊಸ ಟಿ.ವಿ. ಏಕಾಗದು? ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳ ಕಿರಣ ಗಾಜಿನ ಒಳಮೈಯ ಫಾಸ್ಫರ್ ಲೇಪನಕ್ಕೆ ಬಡಿದು ಬೆಳಕು ಮೂಡಿಸುತ್ತದೆ. ಸೆಕೆಂಡಿಗೆ 15,000ಕ್ಕೂ ಹೆಚ್ಚು ಗೆರೆಗಳು! ಸಂಕೇತ ಬಂದ ಕ್ಷಣವೇ ಚಿತ್ರ. ಹೊಸ ಟಿ.ವಿ.ಯಾದರೋ ಚಿತ್ರವನ್ನು ಹಿಡಿದಿಟ್ಟು, ಹಿಗ್ಗಿಸಿ, ಆಮೇಲೆ ತೋರಿಸುತ್ತದೆ. ಅಂದಿನ ಬಂದೂಕಿನ ಆಟದಲ್ಲಿ ಕುದುರೆ ಒತ್ತಿದೊಡನೆ ಪರದೆ ಕಪ್ಪಾಗಿ, ಗುರಿಯಷ್ಟೇ ಕ್ಷಣಕಾಲ ಬೆಳ್ಳಗೆ ಹೊಳೆಯುತ್ತದೆ. ಬಂದೂಕಿನ ತುದಿಯ ಬೆಳಕಿನ ಕಣ್ಣು ಅದನ್ನು ಗುರುತಿಸಬೇಕು. ಹೊಸ ಪರದೆಯಲ್ಲಿ ಆ ಬೆಳಕು ತಡವಾಗುವುದರಿಂದ ಸರಿಯಾದ ಗುರಿಯೂ ತಪ್ಪುತ್ತದೆ.

2011ರ ಜುಲೈನಲ್ಲಿ ಜಪಾನಿನ ಹೆಚ್ಚಿನ ಪ್ರಾಂತ್ಯಗಳಲ್ಲಿ ಹಳೆಯ ಅನಲಾಗ್ ಪ್ರಸಾರ ನಿಂತಿತು. 2001ರಿಂದ ಜಾರಿಯಲ್ಲಿರುವ ಕಾನೂನಿನಂತೆ ಅಲ್ಲಿ ಟಿ.ವಿ. ಎಸೆಯಲು ಮಾಲೀಕನೇ ಶುಲ್ಕ ತೆರಬೇಕು. ಹಾಗೆ ಕೈಯಿಂದ ಹಣ ಕೊಟ್ಟು ಕಳೆದುಕೊಳ್ಳಬೇಕಾದ ವಸ್ತುವನ್ನು ಆಟಗಾರ ಹಣ ಕೊಟ್ಟು ಒಯ್ಯುತ್ತಾನೆ. 1968ರಲ್ಲಿ ಸೋನಿ ಆರಂಭಿಸಿದ ‘ಟ್ರಿನಿಟ್ರಾನ್’ ಜಾತಿಯ ಟಿ.ವಿ.ಗಳಿಗಂತೂ ವಿಶೇಷ ಆದರ. ಮಾರುವವನ ಕಷ್ಟವೆಂದರೆ ಭಾರ. 29 ಇಂಚಿನದು 40 ಕಿಲೋ ಮೀರುವುದುಂಟು. ಸಾಗಿಸುವಾಗ ಗಾಜು ಬಿರುಕು ಬಿಟ್ಟರೆ ಎಲ್ಲವೂ ವ್ಯರ್ಥ.

ಮನೆಬಳಕೆಯ ಪಿಕ್ಚರ್ ಟ್ಯೂಬ್ ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಗಳು ಮುಚ್ಚಿವೆ. ಬಳಸಿದಷ್ಟೂ ಫಾಸ್ಫರ್ ಮಂಕಾಗುತ್ತದೆ. ಆದ್ದರಿಂದ ಒಡೆದುಹೋದ ಪ್ರತಿ ಟ್ಯೂಬಿನೊಂದಿಗೆ, ಆ ಆಟಗಳನ್ನು ಅವು ಹುಟ್ಟಿದ ರೂಪದಲ್ಲೇ ನೋಡುವ ಒಂದು ಅವಕಾಶವೂ ಕಳೆಯುತ್ತದೆ.

ನಮ್ಮ ಮನೆಗಳ ಅಟ್ಟದ ಮೇಲೂ ಇಂಥ ಟಿ.ವಿ. ಇರಬಹುದು. ಮಕ್ಕಳೇ, ಕುತೂಹಲಕ್ಕೆಂದು ಅದನ್ನು ಬಿಚ್ಚಬೇಡಿ. ಬಣ್ಣದ ಟಿ.ವಿ.ಯೊಳಗೆ 20,000 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ; ಪ್ಲಗ್ ಕಿತ್ತ ಮೇಲೂ ವಿದ್ಯುತ್ ಉಳಿದಿರಬಹುದು. ಗಾಜಿನಲ್ಲಿ ಸೀಸವೂ ಇದೆ. ಹಿರಿಯರು ಗುಜರಿಗೆ ಹಾಕುವ ಮುನ್ನ ಬೇಕಾದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲಿ. ಒಬ್ಬರ ಕಸ ಇನ್ನೊಬ್ಬರಿಗೆ ಕಣಜವಾದೀತು.